ಗಾಜಿನ ಕೋಣೆಯ ಕಂಪ್ಯೂಟರು

ಗುಬ್ಬಿಯ ಚೆನ್ನಮ್ಮನಿಗೆ ಸಿಟ್ಟು ಬಂದರೆ ಮಾತು ನಿಂತುಹೋಗುತ್ತಿತ್ತು. ತುಟಿ ಬಿಗಿದುಕೊಂಡು ಕೈಗೆ ಸಿಕ್ಕ ಕೆಲಸವನ್ನು ದಡಬಡನೆ ಮಾಡಿ ಮುಗಿಸುತ್ತಿದ್ದಳು. "ಇವ್ಳು ಸಿಟ್ನಾಗೆ ಒಗ್ದ ಬಟ್ಟೆ ಇನ್ನೊಂದ್ಸಲ ಒಗೆಯಂಗೇ ಇಲ್ಲ" ಎಂದು ಅವಳ ಅವ್ವ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಬಿ.ಕಾಂ. ಮುಗಿದಿತ್ತು. ಸೀನಿಯರ್ ಟೈಪಿಂಗೂ ಪಾಸಾಗಿತ್ತು. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ತುಮಕೂರಿನ ಬಟವಾಡಿಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಯೋಗನರಸಿಂಹ ಎನ್ನುವವರು ಕಂಪ್ಯೂಟರ್ ತರಗತಿ ತೆರೆದರು. ಅಲ್ಲಿಯವರೆಗೆ ಅವರದು ಟೈಪಿಂಗ್ ಇನ್‌ಸ್ಟಿಟ್ಯೂಟು. ಹಳೆಯ ಟೈಪ್‌ರೈಟರುಗಳನ್ನು ಒಂದು ಮೂಲೆಗೆ ಪೇರಿಸಿ, ಹಾಲಿನ ನಡುವೆ ಗಾಜಿನ ಗೋಡೆ ಎಬ್ಬಿಸಿ, ಅದರಾಚೆ ಏಸಿ ಹಾಕಿಸಿ ಒಂದು ಕಂಪ್ಯೂಟರ್ ತಂದಿಟ್ಟಿದ್ದರು. ಚೆನ್ನಮ್ಮ ಸೇರುತ್ತೇನೆಂದಳು. ಅವಳಪ್ಪ ಶಿವರಾಮಯ್ಯನಿಗೆ ತೆಂಗಿನ ತೋಟ, ರಾಗಿ ಹೊಲ ಬಿಟ್ಟರೆ ಬೇರೆ ಪ್ರಪಂಚ ಅಷ್ಟಾಗಿ ಗೊತ್ತಿರಲಿಲ್ಲ. "ಅದ್ರಾಗೆ ಏನ್ ಬರ್ತೈತವ್ವ?" ಎಂದು ಕೇಳಿದ. "ಕಲ್ತ್ರೆ ಕೆಲ್ಸ ಬರ್ತೈತಪ್ಪ" ಎಂದಳು. ಆತ ಒಪ್ಪಿದ.

ಬೆಳಗಿನ ತಂಡ ಹುಡುಗರದು, ಮಧ್ಯಾಹ್ನದ್ದು ಹೆಂಗಸರದು. ಗುಬ್ಬಿಯ ಬಸ್ಸಿಳಿದು, ಸಿಟಿ ಬಸ್ಸು ಹತ್ತಿ ಬಟವಾಡಿ ಸೇರುವ ಹೊತ್ತಿಗೆ ಹುಡುಗರು ಮೆಟ್ಟಿಲಿಳಿದು ಬರುತ್ತಿರುತ್ತಿದ್ದರು. ಚೆನ್ನಮ್ಮನ ಪಕ್ಕ ಕೂರುತ್ತಿದ್ದವಳು ಕೊತ್ತಗೆರೆಯ ಲಕ್ಷ್ಮೀದೇವಮ್ಮ. ಕುಣಿಗಲ್ಲಿಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದ ಅವಳಿಗೆ ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಪಾಠ ಹೇಳುತ್ತಿದ್ದವಳು ಕೌಸಲ್ಯ. ಅವಳೂ ಇವರಿಗಿಂತ ಬಹಳ ದೊಡ್ಡವಳೇನಲ್ಲ. ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಬಂದಿದ್ದಳು. ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ಬೋರ್ಡಿನ ಮೇಲೆ ದುಂಡಗೆ ಬರೆಯುತ್ತಿದ್ದಳು.

ಬರೆಯುತ್ತಿದ್ದಳು, ಅಷ್ಟೇ. ಮಧ್ಯಾಹ್ನದ ತಂಡಕ್ಕೆ ಕಂಪ್ಯೂಟರ್ ಎಂದರೆ ಕಪ್ಪು ಹಲಗೆ, ಸುಣ್ಣದ ಬಳಪ. ಮಾನಿಟರನ್ನು ಚೌಕವಾಗಿ ಬರೆದು, ಅದರೊಳಗೆ ಅಕ್ಷರಗಳನ್ನು ಬರೆದು, "ಇದನ್ನ ಟೈಪ್ ಮಾಡಿದ್ರೆ ಸ್ಕ್ರೀನ್ ಮೇಲೆ ಹೀಗೆ ಬರುತ್ತೆ" ಎಂದು ಕೌಸಲ್ಯ ಹೇಳುತ್ತಿದ್ದಳು. ಯೋಗನರಸಿಂಹ ಸೈಕ್ಲೋಸ್ಟೈಲ್ ಮಾಡಿಸಿದ ನೋಟ್ಸ್ ಕೊಟ್ಟಿದ್ದರು. ಅದನ್ನು ಉರು ಹೊಡೆಯಬೇಕಿತ್ತು. ಅದರಲ್ಲಿ ಮೊದಲನೆಯ ಪಾಠವೇ ಡಿಐಆರ್. ಕಂಪ್ಯೂಟರಿಗೆ ಎ ಮತ್ತು ಬಿ ಎಂಬ ಎರಡು ಬಾಯಿ, ಒಂದೊಂದಕ್ಕೂ ಒಂದೊಂದು ಫ್ಲಾಪಿ. ಆ ಫ್ಲಾಪಿಯೊಳಗೆ ಯಾವ ಯಾವ ಫೈಲುಗಳಿವೆ ಎಂದು ತಿಳಿಯಬೇಕಾದರೆ ಡಿಐಆರ್ ಎಂದು ಒತ್ತಬೇಕು. ಬಿ ಬಾಯಿಯೊಳಗಿನದು ಬೇಕಾದರೆ ಡಿಐಆರ್ ಒತ್ತಿ, ಜಾಗ ಬಿಟ್ಟು, ಬಿ ಒತ್ತಬೇಕು. ನೋಟ್ಸಿನಲ್ಲಿ ಇದ್ದದ್ದು ಹೀಗೆ, ಬೋರ್ಡಿನ ಮೇಲೆ ಬರೆದದ್ದೂ ಹೀಗೆಯೇ.

"ನಮ್ಗೆ ಮಿಶಿನ್ ಯಾವಾಗ ಕೊಡ್ತೀರಿ ಸಾರ್?" ಎಂದು ಚೆನ್ನಮ್ಮ ಒಂದು ದಿನ ಯೋಗನರಸಿಂಹರನ್ನು ಕೇಳಿದಳು.

"ಕೊಡೋಣಮ್ಮ. ಮಧ್ಯಾಹ್ನ ಕರೆಂಟ್ ಪ್ರಾಬ್ಲಮ್. ನಡುವೆ ಹೋಗ್ಬಿಟ್ರೆ ಮಿಶಿನ್ ಸುಟ್ಟೋಗುತ್ತೆ."

ಚೆನ್ನಮ್ಮ ತಲೆ ಎತ್ತಿ ನೋಡಿದಳು. "ಫ್ಯಾನ್ ತಿರುಗ್ತಾ ಇದೆಯಲ್ಲ ಸಾರ್?"

"ಫ್ಯಾನ್ ಕರೆಂಟೇ ಬೇರೆ, ಕಂಪ್ಯೂಟರ್ ಕರೆಂಟೇ ಬೇರೆ. ನಿಮ್ಗೆ ಗೊತ್ತಾಗಲ್ಲ ಬಿಡಿ."

ಗಾಜಿನಾಚೆ ಮಾನಿಟರಿನ ಹಸಿರು ಅಕ್ಷರಗಳು ಓಡುತ್ತಲೇ ಇದ್ದವು. ಮಧ್ಯಾಹ್ನ ಪೂರ್ತಿ ಅಲ್ಲಿ ಒಬ್ಬ ಆಪರೇಟರ್ ಕುಳಿತು ತುಮಕೂರಿನಂಚಿನ ಸತ್ಯಮಂಗಲದ ಕಾರ್ಖಾನೆಗಳ ಬಿಲ್ಲುಗಳನ್ನು ಹೊಡೆಯುತ್ತಿದ್ದ. ಗಾಜಿನೀಚೆ ಹೆಂಗಸರು ಡಿಐಆರ್ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಚೆನ್ನಮ್ಮನೂ ಸುಮ್ಮನಾದಳು. ಅವಳ ಸುಮ್ಮನಿರುವಿಕೆ ಎಂಥದ್ದು ಎಂದು ಗುಬ್ಬಿಯಲ್ಲಾಗಿದ್ದರೆ ಯಾರಾದರೂ ಹೇಳುತ್ತಿದ್ದರು.

ಮಳೆಗಾಲ ಕಳೆಯಿತು. ಪರೀಕ್ಷೆ ಬಂತು, ಅದೂ ಕಾಗದದ ಮೇಲೆಯೇ. "ಡಿಐಆರ್ ಬಿ ಎಂದು ಕೊಟ್ಟಾಗ ತೆರೆಯ ಮೇಲೆ ಏನು ಮೂಡುತ್ತದೆ? ವಿವರಿಸಿ" ಎಂಬುದು ಮೊದಲ ಪ್ರಶ್ನೆ. ಲಕ್ಷ್ಮೀದೇವಮ್ಮ ನೋಟ್ಸಿನಲ್ಲಿದ್ದದ್ದನ್ನು ಅಕ್ಷರ ಬಿಡದೆ ಇಳಿಸಿದಳು. ಚೆನ್ನಮ್ಮನಿಗೂ ಅದೆಲ್ಲ ಬಾಯಿಗೆ ಬರುತ್ತಿತ್ತು. ಆದರೆ ಪೆನ್ನು ಹಿಡಿದು ಕೂತಾಗ ಅವಳಿಗೆ ತನ್ನ ಮೇಲೆಯೇ ರೇಗಿತು. ಒಂದೇ ಸಾಲು ಬರೆದಳು: 'ಏನು ಮೂಡುತ್ತದೋ ನನಗೆ ಗೊತ್ತಿಲ್ಲ, ನಾನು ನೋಡಿಲ್ಲ.'

ಮಾರನೆಯ ದಿನ ಯೋಗನರಸಿಂಹರೇ ಆ ಹಾಳೆ ಹಿಡಿದುಕೊಂಡು ತರಗತಿಗೆ ಬಂದರು. ಆ ಸಾಲನ್ನು ರಾಗವಾಗಿ ಓದಿದರು. ಮುಂದಿನ ಬೆಂಚಿನವರು ಹೆದರಿಕೊಂಡೇ ನಕ್ಕರು.

"ನೋಡಿಲ್ವಂತೆ! ಗುಬ್ಬಿ ಕಡೆಯವ್ರು ನೋಡಿರೋದು ಏನಮ್ಮ, ತೆಂಗಿನಕಾಯಿ ತಾನೆ? ಅದನ್ನ ಸುಲ್ಕೊಂಡು ಇರೋದು ಬಿಟ್ಟು ಇಲ್ಲಿಗ್ಯಾಕೆ ಬಂದೆ?"

ಚೆನ್ನಮ್ಮ ಕೌಸಲ್ಯಳ ಕಡೆ ನೋಡಿದಳು. ಕೌಸಲ್ಯ ಬೋರ್ಡಿನ ಕಡೆ ತಿರುಗಿಕೊಂಡು, ಆಗಲೇ ಅಳಿಸಿದ್ದ ಜಾಗವನ್ನೇ ಮತ್ತೆ ಅಳಿಸುತ್ತಿದ್ದಳು.

ಚೆನ್ನಮ್ಮ ಎದ್ದಳು. ಮನೆಗೆ ಹೊರಟುಹೋಗುತ್ತಾಳೆಂದು ಎಲ್ಲರೂ ಅಂದುಕೊಂಡರು. ಅವಳು ಹೊರಗೆ ಹೋಗಿ, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಒಳಕ್ಕೆ ಬಂದಳು. ಬೆಂಚುಗಳ ನಡುವೆ ಟಪಟಪ ನಡೆದು, ಬರಿಗಾಲಲ್ಲಿ ಹೋಗಲೂ ಅಪ್ಪಣೆ ಇಲ್ಲದ ಆ ಗಾಜಿನ ಬಾಗಿಲನ್ನು ತಳ್ಳಿ ಒಳಗೆ ಹೋಗಿ ಕುರ್ಚಿ ಎಳೆದು ಕೂತಳು. ಆಪರೇಟರ್ ಕಾಫಿಗೆ ಇಳಿದಿದ್ದ. ಮಿಶಿನ್ ಚಾಲೂ ಇತ್ತು. ಬೆರಳುಗಳಿಗೆ ಅಕ್ಷರಗಳ ಜಾಗ ಮೊದಲೇ ಗೊತ್ತಿತ್ತು. ಡಿ, ಐ, ಆರ್. ಜಾಗ. ಬಿ. ಎಂಟರ್ ಒತ್ತಿದಳು.

ಕರ್ ಎಂದು ಒಂದು ಸದ್ದು. ತೆರೆಯ ಮೇಲೆ ಎರಡು ಮೂರು ಸಾಲು ಮೂಡಿ, ಕೊನೆಯಲ್ಲಿ ನಿಂತದ್ದು: ಫೈಲ್ ನಾಟ್ ಫೌಂಡ್.

ಚೆನ್ನಮ್ಮ ಕಣ್ಣು ಬಿಟ್ಟುಕೊಂಡು ನೋಡಿದಳು. ಉರು ಹೊಡೆದ ಯಾವ ಸಾಲೂ ಅದರಲ್ಲಿ ಇರಲಿಲ್ಲ. ಅಷ್ಟರಲ್ಲಿ ಯೋಗನರಸಿಂಹ ಹಿಂದೆ ಬಂದು ನಿಂತಿದ್ದರು. ಅವರ ಮುಖ ಬಿಳಿಚಿತು. ಆಮೇಲೆ ಕೆಂಪಾಯಿತು.

"ಏನ್ ಮಾಡ್ದೆ? ಫೈಲ್ ನಾಟ್ ಫೌಂಡ್! ಇದ್ದ ಫೈಲೆಲ್ಲ ಹೋಯ್ತು! ಕಾರ್ಖಾನೆಯವ್ರ ಬಿಲ್ಲೆಲ್ಲ ಅದ್ರಲ್ಲೇ ಇತ್ತಲ್ಲೇ!" ಕೈ ಚಾಚಿ ಕಂಪ್ಯೂಟರಿನ ಸ್ವಿಚ್ಚು ಆರಿಸಿದರು. "ನಾಳೆ ನಿಮ್ಮಪ್ಪನ್ನ ಕರ್ಕೊಂಡ್ ಬಾ. ಇಲ್ದಿದ್ರೆ ಪೊಲೀಸ್ ಸ್ಟೇಷನ್‌ಗೆ ಹೋಗ್ತೀನಿ."

ಕೌಸಲ್ಯ ಗಾಜಿನ ಬಾಗಿಲಲ್ಲಿ ನಿಂತಿದ್ದಳು. ಅವಳ ತುಟಿ ಒಂದು ಸಲ ಅಲುಗಾಡಿದ್ದನ್ನು ಚೆನ್ನಮ್ಮ ನೋಡಿದಳು.

ಆ ಸಂಜೆ ಮನೆಯಲ್ಲಿ ಚೆನ್ನಮ್ಮ ನಡೆದದ್ದನ್ನೆಲ್ಲ ಹೇಳಿದಳು. ಶಿವರಾಮಯ್ಯನಿಗೆ ಮಗಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ಅನ್ಯರ ಸಾಮಾನು ಯಾಕವ್ವ ಮುಟ್ಟೋಕ್ ಹೋದೆ? ಕಲಿಯೋಕ್ ಹೋದೋಳು ಚಪ್ಲಿ ಮೆಟ್ಕೊಂಡು ಒಳೀಕ್ ನುಗ್ತಾರಾ? ಸ್ಟೇಷನ್ ಮೆಟ್ಲು ಹತ್ಬೇಕಾ ನಾನು?" ಮಾರನೆಯ ದಿನ ಇಸ್ತ್ರಿ ಅಂಗಿ ಹಾಕಿ, ಹೆಗಲ ಮೇಲೆ ಟವೆಲು ಹೊದ್ದು ಅವಳ ಜೊತೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅಪ್ಪನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚೆನ್ನಮ್ಮನಿಗೆ ಹೆದರಿಕೆಯೂ ಇತ್ತು. ನಿಜವಾಗಿಯೂ ಹಾಳು ಮಾಡಿಬಿಟ್ಟಿದ್ದರೆ?

ಯೋಗನರಸಿಂಹರು ತಮ್ಮ ಮೇಜಿನ ಹಿಂದೆ ಕುಳಿತಿದ್ದರು. ಶಿವರಾಮಯ್ಯನಿಗೆ ಕೂರಲು ಹೇಳಲಿಲ್ಲ.

"ನಿಮ್ಮ ಮಗಳು ಎಲ್ಲರ ಮುಂದೆ ತಪ್ಪಾಯ್ತು ಅಂತ ಕೇಳ್ಕೊಂಡು ಮನೆಗೆ ಹೋಗ್ಲಿ. ಇನ್ನು ಇಲ್ಲಿಗೆ ಬರೋದು ಬೇಡ."

"ತೆಪ್ಪು ಮಾಡಿದ್ರೆ ಕೇಳ್ಕೊತಾಳೆ ಸಾಮಿ" ಎಂದ ಶಿವರಾಮಯ್ಯ ತಗ್ಗಿದ ದನಿಯಲ್ಲಿ. "ಏನ್ ಹಾಳಾಗೈತೆ ಅಂತ ಒಸಿ ತೋರ್ಸಿ."

"ತೋರಿಸಿದ್ರೆ ನಿಮ್ಗೆ ಏನ್ರೀ ಅರ್ಥ ಆಗುತ್ತೆ?"

ಶಿವರಾಮಯ್ಯನ ಕತ್ತು ನಿಧಾನಕ್ಕೆ ಮೇಲೆದ್ದಿತು. ಬಸ್ಸಿನಲ್ಲಿ ಮಗಳ ಮೇಲಿದ್ದ ಸಿಟ್ಟು ಅಲ್ಲೇ ದಿಕ್ಕು ಬದಲಿಸಿತು. "ಅರ್ತ ಆಗ್ದಿದ್ರೆ ಬುಡಿ. ನಮ್ಮ ಮರಕ್ಕೆ ರೋಗ ಬಂದೈತೆ ಅಂದೋನೂ ಗರಿ ಎತ್ತಿ ತೋರುಸ್ತಾನೆ. ಏನೂ ತೋರುಸ್ದೆ ನನ್ ಮಗ್ಳ ಕೈಲಿ ತೆಪ್ಪಾಯ್ತು ಅನ್ಸೋಕ್ ಆಗಕ್ಕಿಲ್ಲ."

ಹಾಲಿನಲ್ಲಿ ಕುಳಿತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಯೋಗನರಸಿಂಹ ಎದ್ದು ಕೂಗಿದರು: "ಕೌಸಲ್ಯಾ, ಬಾ ಇಲ್ಲಿ. ಇವ್ರಿಗೆ ತೋರ್ಸು. ಏನಾಗಿದೆ ಅಂತ ಹೇಳು."

ಕೌಸಲ್ಯ ಗಾಜಿನ ಕೋಣೆಗೆ ಹೋದಳು. ಅಪ್ಪ ಮಗಳು ಹಿಂದೆಯೇ ಹೋದರು. ಶಿವರಾಮಯ್ಯ ಹೊರಗೆಯೇ ಮೆಟ್ಟು ಬಿಟ್ಟು ಬಂದಿದ್ದ. ಕೌಸಲ್ಯ ಸ್ವಿಚ್ಚು ಹಾಕಿದಳು. ಮಿಶಿನ್ ಗುರುಗುಟ್ಟಿ ಎದ್ದು ನಿಂತಿತು. ಅವಳು ಕೀಬೋರ್ಡ್ ಮುಟ್ಟಲಿಲ್ಲ.

"ಏನೂ ಹಾಳಾಗಿಲ್ಲ" ಎಂದಳು.

"ಏನಂದೆ?" ಎಂದರು ಹಿಂದೆಯೇ ಬಂದು ನಿಂತಿದ್ದ ಯೋಗನರಸಿಂಹ.

"ಏನೂ ಹಾಳಾಗಿಲ್ಲ ಸಾರ್. ಡಿಐಆರ್ ಬರೀ ತೋರಿಸುತ್ತೆ. ಅದ್ರಿಂದ ಯಾವ ಫೈಲೂ ಹೋಗಲ್ಲ. ಬಿ ಆದ್ಮೇಲೆ ಒಂದರ ಮೇಲೊಂದು ಎರಡು ಚುಕ್ಕಿ ಇಡಬೇಕು, ಕೋಲನ್. ಇಡದೇ ಇದ್ರೆ, ಬಿ ಅನ್ನೋ ಹೆಸರಿನ ಫೈಲ್ ಎಲ್ಲಿದೆ ಅಂತ ಹುಡುಕುತ್ತೆ. ಅಂಥ ಫೈಲಿಲ್ಲ, ಅದಕ್ಕೇ ನಾಟ್ ಫೌಂಡ್ ಅಂತು. ನೋಟ್ಸಲ್ಲಿ ಚುಕ್ಕಿ ಬಿಟ್ಟುಹೋಗಿದೆ ಅಂತ ನಾನು ನಿಮಗೆ ಆವತ್ತೇ ಹೇಳಿದ್ದೆ."

"ಕೌಸಲ್ಯಾ!"

"ನೀವು ಏನಂದ್ರಿ? 'ಬೆಳಗಿನ ಹುಡುಗರಿಗೆ ಬಾಯಲ್ಲಿ ಹೇಳು, ಸಾಕು. ಮಧ್ಯಾಹ್ನದವ್ರು ಟೈಪ್ ಮಾಡಿದ್ರೆ ತಾನೆ ತಪ್ಪು ಗೊತ್ತಾಗೋದು' ಅಂದ್ರಿ." ಒಮ್ಮೆ ಶುರುವಾದ ಮಾತು ನಿಲ್ಲಲಿಲ್ಲ. "ಅದನ್ನ ಕೇಳ್ಕೊಂಡು ನಾನೂ ಸುಮ್ಮನಿದ್ದೆ."

ಚೆನ್ನಮ್ಮನ ಕಿವಿ ಬಿಸಿಯಾಯಿತು. ಇಷ್ಟು ತಿಂಗಳು ಕಂಠಪಾಠ ಮಾಡಿದ್ದು ತಪ್ಪು ಪಾಠ. ತಪ್ಪೆಂದು ಗೊತ್ತಿದ್ದವಳೇ ಅದನ್ನು ಬೋರ್ಡಿನ ಮೇಲೆ ದುಂಡಗೆ ಬರೆದು ಕೊಟ್ಟವಳು. ಯೋಗನರಸಿಂಹರ ಮೇಲಿನ ಸಿಟ್ಟಿಗಿಂತ ಈ ಸಿಟ್ಟು ಹೆಚ್ಚು ಉರಿಯಿತು. ಅವಳು ಕೌಸಲ್ಯಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ನೀವ್ ಜರುಗಿ ಮೇಡಂ. ನಾನ್ ಒತ್ತೀನಿ."

ಕೂತಳು. ಡಿಐಆರ್, ಜಾಗ, ಬಿ, ಶಿಫ್ಟ್ ಒತ್ತಿ ಹಿಡಿದು ಎರಡು ಚುಕ್ಕಿ, ಎಂಟರ್. ಬಿ ಬಾಯಿಯ ಕೆಂಪು ದೀಪ ಹತ್ತಿತು. ಹಸಿರು ಸಾಲುಗಳು ಒಂದರ ಕೆಳಗೊಂದು ಬಿದ್ದವು. ಹೆಸರು, ಅಳತೆ, ತಾರೀಖು, ಹೊತ್ತು. ತೆರೆ ತುಂಬಿ, ಮೇಲಿನವು ಮೇಲಕ್ಕೆ ಹೋಗಿ ಮರೆಯಾದವು.

"ಏನ್ ಬಂದೈತವ್ವ, ಓದು" ಎಂದ ಅಪ್ಪ.

ಅವಳು ಓದಿದಳು. ಬಿಲ್ಲುಗಳು, ಸಂಬಳದ ಪಟ್ಟಿಗಳು, ಒಂದೆರಡು ಕಾಗದಗಳು. ಎಲ್ಲ ಇದ್ದ ಜಾಗದಲ್ಲೇ ಇದ್ದವು.

"ಇಷ್ಟೇನಾ?"

"ಇಷ್ಟೇ ಅಪ್ಪ. ಒಳಗೆ ಏನೈತೆ ಅಂತ ಹೇಳ್ತೈತೆ."

ಶಿವರಾಮಯ್ಯ ಯೋಗನರಸಿಂಹರ ಕಡೆ ತಿರುಗಿದ. "ಇಷ್ಟು ತೋರ್ಸೋಕೆ ಇಷ್ಟು ದಿನ ಗ್ವಾಡೆ ನೋಡ್ಕೊಂಡು ಕೂತಿದ್ರಾ ಈ ಹೆಣ್ಮಕ್ಳು? ಅಲ್ಲ ಕಣಯ್ಯ, ನಮ್ಮೂರ ಕಡೆ ಕಾಯಿ ಸುಲಿಯೋದು ಕಲ್ಸೋನೂ ಮಚ್ಚು ಕೈಗೆ ಕೊಡ್ತಾನೆ!"

ಯಾರೋ ಹೊರಗೆ ಕಿಸಕ್ಕೆಂದರು. ಆಗ ಯಾರೂ ಎಣಿಸದ ಕೆಲಸವೊಂದು ನಡೆಯಿತು. ಲಕ್ಷ್ಮೀದೇವಮ್ಮ ಬೆಂಚಿನಿಂದ ಎದ್ದು, ಸೆರಗು ಸರಿಮಾಡಿಕೊಂಡು ಗಾಜಿನ ಬಾಗಿಲು ದಾಟಿ ಬಂದಳು. "ಚೆನ್ನಮ್ಮ, ಏಳು. ನಾನೂ ಒಂದ್ಸಲ ಒತ್ತಿ ನೋಡ್ತೀನಿ" ಎಂದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಕಿರಿದಾದ ಕೋಣೆಯಲ್ಲಿ ನಿಲ್ಲಲು ಜಾಗವಿಲ್ಲದೆ ಸಾಲು ಹಾಲಿನವರೆಗೂ ಬೆಳೆಯಿತು. ಒಬ್ಬೊಬ್ಬರೂ ಕೂತು ಅದನ್ನೇ ಒತ್ತಿದರು, ಅವೇ ಫೈಲುಗಳನ್ನು ನೋಡಿದರು. ಲಕ್ಷ್ಮೀದೇವಮ್ಮ ಮಾತ್ರ ನೋಡಿ ಮುಗಿಸಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ದುಃಖವಲ್ಲ. "ದಿನಾ ಎರಡು ಬಸ್ಸು ಕಣೇ" ಎಂದಳು ಚೆನ್ನಮ್ಮನಿಗೆ, ಹಲ್ಲು ಕಚ್ಚಿಕೊಂಡು. "ದಿನಾ ಎರಡೆರಡು ಬಸ್ಸು ಹತ್ತಿ ಬಂದಿದೀನಿ ನಾನು."

ಯೋಗನರಸಿಂಹ ಕೂಗಿದರು, ಹೆದರಿಸಿದರು, ಕೊನೆಗೆ ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನೇ ಎಳೆದರು. ಮಾನಿಟರು ಕಪ್ಪಾಯಿತು. ತಲೆಯ ಮೇಲಿನ ಫ್ಯಾನುಗಳೂ ನಿಂತವು.

"ಎರಡು ಕರೆಂಟೂ ಒಟ್ಗೇ ಹೋಯ್ತಲ್ಲ ಸಾರ್" ಎಂದಳು ಚೆನ್ನಮ್ಮ.

ಕೌಸಲ್ಯಳ ಕೆಲಸ ಅಂದೇ ಹೋಯಿತು. ಚೆನ್ನಮ್ಮನಿಗೆ ಇನ್ನು ಬರಬೇಡವೆಂದರು, ಸರ್ಟಿಫಿಕೇಟೂ ಕೊಡಲಿಲ್ಲ. ಆದರೆ ಉಳಿದವರನ್ನು ಹಾಗೆ ಕಳಿಸಲು ಆಗಲಿಲ್ಲ. ಶಿವರಾಮಯ್ಯ ಮೆಟ್ಟಿಲಿಳಿದವನೇ ಔಷಧಿ ಅಂಗಡಿಯ ಮುಂದೆ ನಿಂತು, ಕೇಳಿದವರಿಗೂ ಕೇಳದವರಿಗೂ ನಡೆದದ್ದನ್ನು ಹೇಳಿದ್ದ. ಅದೇ ವಾರ ಕುಣಿಗಲ್ ಕಡೆಯಿಂದ ಲಕ್ಷ್ಮೀದೇವಮ್ಮನ ಅಣ್ಣಂದಿರು ಬಂದರು, ತುಮಕೂರಿನ ಇಬ್ಬರು ತಂದೆಯರು ಬಂದರು. ಮಧ್ಯಾಹ್ನದ ತಂಡಕ್ಕೂ ಸರದಿಯ ಪ್ರಕಾರ ಮಿಶಿನ್ ಬಿಟ್ಟುಕೊಡಬೇಕಾಯಿತು. ಸತ್ಯಮಂಗಲದ ಬಿಲ್ಲುಗಳು ಸಂಜೆಗೆ ಹೋದವು.

ಚೆನ್ನಮ್ಮನಿಗೆ ಇದು ಸಾಲಲಿಲ್ಲ. ತನಗೆ ಸಿಗದ ಮಿಶಿನ್ನು ಉಳಿದವರಿಗೆ ಸಿಕ್ಕಿತು ಎಂಬ ಸಂಕಟವೂ ಅದರಲ್ಲಿ ಸೇರಿತ್ತು. ಒಂದು ಬೆಳಿಗ್ಗೆ ಕೌಸಲ್ಯಳ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆಗೆದವರು ಅವಳ ತಾಯಿ ಕಮಲಾಕ್ಷಮ್ಮ. ಕೂರಿಸಿ ಕಾಫಿ ತಂದುಕೊಟ್ಟರು. ಚೆನ್ನಮ್ಮ ಲೋಟ ಮುಟ್ಟಲಿಲ್ಲ.

"ನೀವು ಮೊದ್ಲೇ ಹೇಳ್ಬೋದಾಗಿತ್ತು ಮೇಡಂ" ಎಂದಳು, ಕೌಸಲ್ಯ ಬಂದು ಎದುರಿಗೆ ಕೂರುತ್ತಲೇ. "ಮಿಶಿನ್ ಕೊಡ್ಸೋದು ನಿಮ್ ಕೈಲಿ ಇರ್ಲಿಲ್ಲ, ಒಪ್ಕೊತೀನಿ. ಎರಡು ಚುಕ್ಕಿ ಇಡೋದು ನಿಮ್ ಕೈಲೇ ಇತ್ತಲ್ಲ? ಬಳಪ ನಿಮ್ ಕೈಲೇ ಇತ್ತಲ್ಲ?"

ಕಮಲಾಕ್ಷಮ್ಮ ಏನೋ ಹೇಳಲು ಬಾಯಿ ತೆರೆದರು. ಕೌಸಲ್ಯ ತಾಯಿಯನ್ನು ತಡೆದಳು.

"ಇತ್ತು" ಎಂದಳು. "ನೋಟ್ಸಲ್ಲಿ ಇದ್ದ ಹಾಗೇ ಬರೀಬೇಕು ಅಂತ ಹೇಳಿದ್ರು. ಕೆಲಸ ಹೋಗುತ್ತೆ ಅಂತ ಹೆದರ್ಕೊಂಡಿದ್ದೆ. ಈಗ ಹೇಗೂ ಹೋಯ್ತು."

"ನಿಮ್ ಹೆದರಿಕೆಗೆ ನಾನ್ ಸ್ಟೇಷನ್ ಮೆಟ್ಲು ಹತ್ಬೇಕಾಗಿತ್ತಾ?"

ಕೌಸಲ್ಯ ಸಮಾಧಾನವನ್ನೂ ಹೇಳಲಿಲ್ಲ, ಕ್ಷಮಿಸು ಎಂದೂ ಹೇಳಲಿಲ್ಲ. "ಸತ್ಯಮಂಗಲದಲ್ಲಿ ಬೋಲ್ಟು ನಟ್ಟು ಮಾಡೋ ಒಂದು ಕಾರ್ಖಾನೆಯವ್ರು ಸ್ವಂತ ಕಂಪ್ಯೂಟರ್ ತಂದಿದಾರೆ. ನನ್ನನ್ನ ಕರೆದಿದಾರೆ. ಇನ್ನೊಬ್ರು ಬೇಕಂತೆ, ಟೈಪಿಂಗ್ ಚೆನ್ನಾಗಿ ಬರಬೇಕು. ಸರ್ಟಿಫಿಕೇಟ್ ಕೇಳಲ್ಲ. ನಿನ್ನ ಹೆಸರು ಹೇಳಲಾ?" ಎಂದಳು.

ಚೆನ್ನಮ್ಮ ಎದ್ದು ನಿಂತಳು. ಬೇಡವೆನ್ನಲು ನಾಲಗೆ ತುದಿಯವರೆಗೂ ಬಂದಿತ್ತು. ಬೇಡವೆಂದರೆ ನಷ್ಟ ಯಾರಿಗೆ ಎಂದು ಯೋಚಿಸಿದಳು. "ಹೇಳಿ" ಎಂದಳು. "ಆದ್ರೆ ಇದನ್ನ ನಾನು ಮರ್ತೆ ಅಂದ್ಕೋಬೇಡಿ."

ಆರಿದ ಕಾಫಿಯನ್ನು ನಿಂತುಕೊಂಡೇ ಕುಡಿದು ಹೊರಟಳು.

ಕಾರ್ಖಾನೆಯ ಆಫೀಸು ತಗಡಿನ ಶೀಟಿನ ಕೆಳಗಿತ್ತು. ಏಸಿ ಇರಲಿಲ್ಲ. ಲೇತ್ ಮಿಶಿನ್ನುಗಳ ಗದ್ದಲಕ್ಕೆ ಮೇಜು ಅದುರುತ್ತಿತ್ತು. ಚಪ್ಪಲಿ ಬಿಡಿ ಎಂದು ಯಾರೂ ಹೇಳಲಿಲ್ಲ. ಇಲ್ಲಿನ ಕಂಪ್ಯೂಟರಿನೊಳಗೆ ಫ್ಲಾಪಿಯಲ್ಲದೆ ದೊಡ್ಡದೊಂದು ಡಿಸ್ಕೂ ಇತ್ತು. ಕೌಸಲ್ಯ ಡಿಐಆರ್ ಒತ್ತಿ ತೋರಿಸಿದಳು. ಇವರಿಗೆ ಮೊದಲು ಸ್ವಲ್ಪ ದಿನ ಇದ್ದವನು ಎಲ್ಲವನ್ನೂ ಒಂದೇ ಕಡೆ ಸುರಿದುಹೋಗಿದ್ದ. ಸಾಲುಗಳು ನಿಲ್ಲದೆ ಓಡಿದವು.

"ಹೀಗಿದ್ರೆ ಏನೂ ಸಿಗಲ್ಲ" ಎಂದಳು ಕೌಸಲ್ಯ. "ಡೈರೆಕ್ಟರಿ ಅಂತ ಮಾಡ್ಕೋಬಹುದು. ಬೀರು ಒಳಗೆ ಅರೆ ಇರುತ್ತಲ್ಲ, ಹಾಗೆ. ಒಂದರಲ್ಲಿ ಇಟ್ಟಿದ್ದು ಇನ್ನೊಂದಕ್ಕೆ ಬೆರೆಯಲ್ಲ."

"ಹಂಗಾದ್ರೆ ನಿಮ್ದು ಬೇರೆ ಇರ್ಲಿ, ನಂದು ಬೇರೆ ಇರ್ಲಿ."

ಕೌಸಲ್ಯ ತನ್ನ ಹೆಸರಿನಲ್ಲಿ ಒಂದು ಮಾಡಿಕೊಂಡಳು. ಆಮೇಲೆ ಚೆನ್ನಮ್ಮ ಕೂತು, ಇಂಗ್ಲಿಷಿನಲ್ಲಿ ಸಿ ಎಚ್‌ನಿಂದ ಶುರುಮಾಡಿ ತನ್ನ ಹೆಸರನ್ನು ಪೂರ್ತಿ ಒತ್ತಿದಳು. ಡಿಐಆರ್ ಕೊಟ್ಟು ನೋಡಿದಳು. ಕೌಸಲ್ಯಳ ಹೆಸರು ಇಡಿಯಾಗಿ ಇತ್ತು. ಇವಳದ್ದರ ಕೊನೆಯ ಎ ಇರಲಿಲ್ಲ.

"ನಂದ್ಯಾಕೆ ಕತ್ರಿಸ್ತು?"

"ಎಂಟೇ ಅಕ್ಷರ ಹಿಡಿಸೋದು. ನಿಂದು ಒಂದು ಜಾಸ್ತಿ."

"ನಿಮ್ದು ಮಾತ್ರ ಸರಿಯಾಗ್ ಹಿಡಿಸ್ತೈತೆ. ನಮ್ದು ಬಂದ್ರೆ ಜಾಸ್ತಿ ಆಗೋಯ್ತದೆ!" ಚೆನ್ನಮ್ಮ ಮಾನಿಟರನ್ನು ದುರುಗುಟ್ಟಿ ನೋಡಿದಳು.

ಕೌಸಲ್ಯಳಿಗೆ ನಗು ತಡೆಯಲಾಗಲಿಲ್ಲ. "ಚೆನ್ನ ಅಂತ ಇಟ್ಕೋ. ಸಾಕು."

"ಅಮ್ಮ ಬಿಡಕ್ಕಾಗಲ್ಲ. ಅಳ್ಸೋದು ಹೆಂಗೆ ಹೇಳಿ."

ಕೌಸಲ್ಯ ಹೇಳಿದಳು. ಚೆನ್ನಮ್ಮ ಅದನ್ನು ಅಳಿಸಿ, ಎಚ್ ಬಿಟ್ಟು, ಮತ್ತೆ ಹೆಸರು ಒತ್ತಿದಳು. ಈ ಸಲ ಕೊನೆಯ ಎ ತನಕ ಬಂತು.

"ಸ್ಪೆಲ್ಲಿಂಗ್ ತಪ್ಪಾಯ್ತಲ್ಲೇ" ಎಂದಳು ಕೌಸಲ್ಯ.

"ನನ್ ಹೆಸ್ರು, ನನ್ ಸ್ಪೆಲ್ಲಿಂಗು" ಎಂದು ಹೇಳಿ ಚೆನ್ನಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆ ದಿನದ ಬಿಲ್ಲುಗಳ ಕಟ್ಟು ಬಿಚ್ಚಿ, ಮೇಲಿನದನ್ನು ಎತ್ತಿಕೊಂಡು, ಬಡಬಡನೆ ಹೊಡೆಯಲು ಶುರುಮಾಡಿದಳು.